1/24 ಬಿಬಿಎಸ್ ಮೆಶ್ ಚಕ್ರ: ಒರೆಸಿದರೆ ಚಿನ್ನದ ಬಣ್ಣವೂ ಏಳುತ್ತಿದೆ

ಪ್ರಶ್ನೆ: 1/24 ಅಳತೆಯ ಪ್ಲಾಸ್ಟಿಕ್ ಕಾರು ಮಾದರಿಗೆ ಬಿಬಿಎಸ್ ಕಂಪನಿಯ ಜಾಲರಿ (ಮೆಶ್) ಚಕ್ರ ಬಳಿಯುತ್ತಿದ್ದೇನೆ. ಚಿನ್ನದ ಅಕ್ರಿಲಿಕ್ ಬಣ್ಣದ ಮೇಲೆ, ಜಾಲರಿ ಸಂದಿಗಳಿಗೆ ಕಪ್ಪು ಅಕ್ರಿಲಿಕ್ಕನ್ನೇ ತೆಳು ಮಾಡಿ ಬಿಟ್ಟಿದ್ದೇನೆ. ಹೆಚ್ಚಾದದ್ದನ್ನು ಒರೆಸಿದರೆ ಚಿನ್ನವೂ ಕಿತ್ತು ಬರುತ್ತಿದೆ. ಅಂಚಿನ ಕ್ರೋಮ್ ಯಾವಾಗ ಬಳಿಯಬೇಕು?

ಉತ್ತರ 1: ಎರಡೂ ಬಣ್ಣ ಒಂದೇ ತಿನ್ನರ್‌ಗೆ (ಬಣ್ಣ ತೆಳು ಮಾಡುವ ದ್ರವ) ಕರಗುತ್ತವೆ, ಅದಕ್ಕೇ ಹಾಗೆ. ತಳಕ್ಕೆ, ಎನಾಮೆಲ್ ತಿನ್ನರ್‌ಗೆ ಕರಗದ ಲ್ಯಾಕರ್ ಚಿನ್ನ ಹೊಡೆದು ಒಂದು ದಿನ ಒಣಗಿಸಿ. ಮೇಲೆ ಎನಾಮೆಲ್ ವಾಶ್ (ಸಂದಿಗೆ ಹರಿಯುವ ತೆಳು ಬಣ್ಣ), ತಮಿಯಾ ಕಂಪನಿಯ ಪ್ಯಾನೆಲ್ ಲೈನ್ ಕಪ್ಪು ಸಾಕು. ಕುಂಚದ ತುದಿಯನ್ನು ಸಂದಿಯ ಮೂಲೆಗೆ ತಾಗಿಸಿದರೆ ತಾನಾಗೇ ಹರಿಯುತ್ತೆ, ಎಳೆಯಬೇಡಿ. ಅರ್ಧ ಗಂಟೆ ಬಿಟ್ಟು, ಎನಾಮೆಲ್ ತಿನ್ನರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಇಯರ್‌ಬಡ್‌ನಿಂದ ಮೇಲ್ಮೈ ಮಾತ್ರ ಒರೆಸಿ. ತಿನ್ನರ್ ಬರಿ ಪ್ಲಾಸ್ಟಿಕ್‌ಗೆ ಇಳಿದರೆ ಸಣ್ಣ ಕಡ್ಡಿಗಳು ಬಿರುಕು ಬಿಡಬಹುದು. ಹಾಗಾಗಿ ಚಕ್ರದ ಹಿಂಬದಿಗೂ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಬೇಕೇ ಬೇಕು.

ಉತ್ತರ 2: ಅಂಚು ಕೊನೆಗೆ. ಮೊಲೊಟೊ ಲಿಕ್ವಿಡ್ ಕ್ರೋಮ್ 1 ಮಿ.ಮೀ. ಪೆನ್ ತಗೊಳ್ಳಿ. ಚಕ್ರವನ್ನು ಟೂತ್‌ಪಿಕ್‌ಗೆ ಸಿಕ್ಕಿಸಿ, ಪೆನ್ ಅಲುಗದಂತೆ ಹಿಡಿದು ಚಕ್ರವನ್ನೇ ತಿರುಗಿಸಿ. ಗೆರೆ ಎಷ್ಟು ನೇರ ಬರುತ್ತೆ ನೋಡಿ! ಮೇಲೆ ಕ್ಲಿಯರ್ (ಪಾರದರ್ಶಕ ಲೇಪ) ಹೊಡೆಯಬೇಡಿ, ಕನ್ನಡಿಯಂಥ ಹೊಳಪು ಬೂದುಬಣ್ಣಕ್ಕೆ ತಿರುಗುತ್ತೆ.

ಉತ್ತರ 3: ಅಂಚಿನ ಸುತ್ತಲಿನ ಬೋಲ್ಟ್ ತಲೆಗಳಿಗೆ ಕುಂಚಕ್ಕಿಂತ ಟೂತ್‌ಪಿಕ್ ತುದಿಯೇ ವಾಸಿ. ಬೆಳ್ಳಿ ಬಣ್ಣ ಗಟ್ಟಿಯಾಗಿರಲಿ, ತೆಳುವಾದರೆ ಬುಡಕ್ಕೆ ಜಾರುತ್ತೆ. ಪ್ರತಿ ತಲೆಗೂ ಒಂದೇ ಸಲ ಮುಟ್ಟಿಸಿ.