‘ಮೊಗ್ಗುವಿಕೆ’ ಸರಿಯೇ? ಹೈಡ್ರಾದ ಮರಿಗೆ ಒಂದು ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಲೈಂಗಿಕ ಮತ್ತು ಅಲೈಂಗಿಕ ಸಂತಾನೋತ್ಪತ್ತಿಯ ಪಾಠಕ್ಕೆ ಬಂದಾಗಲೆಲ್ಲ ‘ಮೊಗ್ಗುವಿಕೆ’ ಎಂಬ ಪದ ನನ್ನನ್ನು ತಡೆದು ನಿಲ್ಲಿಸುತ್ತದೆ. ನೀರಿನಲ್ಲಿರುವ ಪುಟ್ಟ ಪ್ರಾಣಿ ಹೈಡ್ರಾ ಮತ್ತು ಯೀಸ್ಟ್ ಮರಿ ಮಾಡುವ ಬಗೆಗೆ ಪಠ್ಯದಲ್ಲಿರುವ ಹೆಸರು ಅದು, ಇಂಗ್ಲಿಷಿನ ‘ಬಡ್ಡಿಂಗ್’ನ ಅನುವಾದ.

ಕಳೆದ ವಾರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಬ್ಬಳು ಹುಡುಗಿ ಹೈಡ್ರಾದ ಚಿತ್ರವನ್ನು ಚೆನ್ನಾಗಿಯೇ ಬರೆದಿದ್ದಳು. ಅದರ ಪಕ್ಕೆಯಲ್ಲಿ ಉಬ್ಬಿದ ಭಾಗಕ್ಕೆ ಮಾತ್ರ ಐದು ಎಸಳು ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿದ್ದಳು. ಕೆಳಗೆ ‘ಮೊಗ್ಗು ಅರಳಿ ಬೀಜವಾಗಿ ಹೊಸ ಹೈಡ್ರಾ ಹುಟ್ಟುತ್ತದೆ’ ಎಂದು ಬರೆದಿದ್ದಳು. ಅಂಕ ಕಳೆಯಲು ನನಗೆ ಕೈ ಬರಲಿಲ್ಲ. ಜೀವಶಾಸ್ತ್ರ ತಪ್ಪಿತ್ತು, ಆದರೆ ಅವಳ ಕನ್ನಡ ಸರಿಯಾಗಿಯೇ ಇತ್ತು.

ಇಂಗ್ಲಿಷಿನ ‘ಬಡ್’ ಹೂವಿಗೂ ಆಗುತ್ತದೆ, ಎಲೆಗೂ ಆಗುತ್ತದೆ. ನಾವು ಅವೆರಡನ್ನು ಬೇರೆ ಮಾಡಿಕೊಂಡಿದ್ದೇವೆ. ಹೂವಾಗುವುದು ಮೊಗ್ಗು, ಎಲೆಯಾಗುವುದು ಚಿಗುರು ಅಥವಾ ಕುಡಿ, ಕಬ್ಬಿನ ಗಿಣ್ಣಿನಲ್ಲೂ ಆಲೂಗಡ್ಡೆಯಲ್ಲೂ ಇರುವುದು ಕಣ್ಣು. ಹೂವೆಂದರೆ ಕೇಸರ, ಅಂಡಾಶಯ, ಪರಾಗ. ಗಿಡದ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದೇ ಅಲ್ಲಿ. ಹೀಗಿರುವಾಗ ಅಲೈಂಗಿಕ ವಿಧಾನಕ್ಕೆ ಮೊಗ್ಗಿನ ಹೆಸರಿಟ್ಟರೆ ಮಕ್ಕಳು ನೇರ ತದ್ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಪದದ ಕಟ್ಟಣೆಯೂ ನನಗೆ ಒಪ್ಪಿಗೆಯಾಗುವುದಿಲ್ಲ. ‘ಗಿಡ ಮೊಗ್ಗಿತು’ ಎಂದು ಯಾರೂ ಹೇಳುವುದಿಲ್ಲ, ‘ಮೊಗ್ಗು ಬಿಟ್ಟಿತು’ ಎನ್ನುತ್ತೇವೆ. ಕ್ರಿಯಾಪದವೇ ಅಲ್ಲದ್ದಕ್ಕೆ ‘-ವಿಕೆ’ ಹೇಗೆ ಅಂಟಿತು?

ಹೈಡ್ರಾದಲ್ಲಿ ನಡೆಯುವುದು ಇಷ್ಟು. ಸಿಹಿನೀರಿನಲ್ಲಿರುವ, ಒಂದು ಸೆಂಟಿಮೀಟರ್ ಉದ್ದವೂ ಅಪರೂಪವಾದ ಈ ಜೀವಿಗೆ ಮೇವು ಚೆನ್ನಾಗಿ ಸಿಕ್ಕರೆ ಪಕ್ಕೆಯಲ್ಲಿ ಒಂದು ಉಬ್ಬು ಬರುತ್ತದೆ. ಅದು ಬೆಳೆದು, ತುದಿಯಲ್ಲಿ ಬಾಯಿಯೂ ಸುತ್ತ ಎಳೆಗಳೂ ಮೂಡುತ್ತವೆ. ಕೆಲವು ದಿನ ತಾಯಿಯ ಹೊಟ್ಟೆಯಿಂದಲೇ ಉಣ್ಣುತ್ತದೆ, ಆಮೇಲೆ ಕಳಚಿಕೊಳ್ಳುತ್ತದೆ. ವೀರ್ಯಾಣುವಿಲ್ಲ, ಅಂಡವಿಲ್ಲ, ಮರಿ ತಾಯಿಯದೇ ಪಡಿಯಚ್ಚು. ಕಾಲ ಕೆಟ್ಟಾಗ ಇದೇ ಹೈಡ್ರಾ ವೃಷಣ, ಅಂಡಾಶಯಗಳನ್ನು ಮೂಡಿಸಿಕೊಂಡು ಲೈಂಗಿಕ ದಾರಿಯನ್ನೂ ಹಿಡಿಯುತ್ತದೆ. 1740ರ ದಶಕದಲ್ಲಿ ಹಾಲೆಂಡಿನಲ್ಲಿದ್ದ ನಿಸರ್ಗಶಾಸ್ತ್ರಜ್ಞ ಅಬ್ರಹಾಂ ಟ್ರೆಂಬ್ಲಿ ಇದು ಸಸ್ಯವೋ ಪ್ರಾಣಿಯೋ ತಿಳಿಯದೆ ಕತ್ತರಿಸಿ ನೋಡಿದ್ದ. ತುಂಡುಗಳೆರಡೂ ಇಡೀ ಹೈಡ್ರಾಗಳಾದವು.

ಈಗ ಬಾಳೆಯ ಬುಡ ನೋಡಿ. ಗಡ್ಡೆಯಿಂದ ಕಂದು, ಅಂದರೆ ಮರಿಗಿಡ, ಒಡೆಯುತ್ತದೆ, ತಾಯಿಯ ಅನ್ನವನ್ನೇ ಉಂಡು ಬೆಳೆಯುತ್ತದೆ. ಕತ್ತಿಯಂತೆ ಕಿರಿದಾದ ಎಲೆಯ ಕಂದನ್ನೇ ಆರಿಸಿ, ಗಡ್ಡೆ ಸಮೇತ ಬಿಡಿಸಿ ಬೇರೆ ಗುಂಡಿಯಲ್ಲಿ ನೆಡುತ್ತೇವೆ. ಅಂಟಿಕೊಂಡು ಬೆಳೆದು, ಬೇರೆಯಾಗಿ ಬಾಳುವ, ತಾಯಿಯನ್ನೇ ಹೋಲುವ ಮರಿ: ಹೈಡ್ರಾದ ಕಥೆಯೇ. ನಂಜನಗೂಡಿನ ರಸಬಾಳೆ ಈವರೆಗೆ ಉಳಿದು ಬಂದಿರುವುದೂ ಹೀಗೆಯೇ. ಎಲ್ಲ ಕಂದುಗಳ ಹುಟ್ಟುಗುಣ ಒಂದೇ ಆದ್ದರಿಂದ ಸೊರಗು ರೋಗ ಬಂದರೆ ತಡೆದು ನಿಲ್ಲುವ ಗಿಡ ತೋಟದಲ್ಲಿ ಸಿಗುವುದಿಲ್ಲ. ಅದೇ ಬಾಳೆಯ ತುದಿಯಲ್ಲಿ ಮೊಗ್ಗೂ ಇದೆ. ಆದರೆ ರಸಬಾಳೆಯಂಥ ತಳಿಗಳಲ್ಲಿ ವರ್ಣತಂತುಗಳು ಹನ್ನೊಂದರಂತೆ ಮೂರು ಕಟ್ಟು, ಒಟ್ಟು 33 ಇರುವುದರಿಂದ ಅವು ಸರಿಸಮನಾಗಿ ಹಂಚಿಹೋಗವು, ಬೀಜ ಕಟ್ಟುವುದಿಲ್ಲ. ಮೇಲೆ ಮೊಗ್ಗು, ಬುಡದಲ್ಲಿ ಕಂದು. ಎರಡು ಬಗೆಯ ಸಂತಾನೋತ್ಪತ್ತಿಯನ್ನು ಒಂದೇ ಗಿಡದಲ್ಲಿ ಬೆರಳಿಟ್ಟು ತೋರಿಸಬಹುದು.

ಆದ್ದರಿಂದ ನನ್ನ ಮನಸ್ಸು ‘ಕಂದೊಡೆಯುವಿಕೆ’ಯ ಕಡೆಗಿದೆ. ಈ ಪದದ ಬಳಗವೂ ದೊಡ್ಡದು. ತಮಿಳಿನ ಕನ್ರು, ಮಲಯಾಳದ ಕನ್ನು ಎರಡಕ್ಕೂ ಕರು ಎಂಬ ಅರ್ಥವೂ ಇದೆ, ಎಳೆ ಸಸಿ ಎಂಬ ಅರ್ಥವೂ ಇದೆ. ತುಳುವಿನ ಕಂಜಿ ಎಂದರೆ ಕರು. ನಮ್ಮ ಮುದ್ದಿನ ‘ಕಂದ’ನೂ ಇದೇ ಬಳಗದವನು.

ತೊಡಕುಗಳೂ ಇವೆ. ಕಂದು ಬಣ್ಣ ಒಂದು, ಅದು ಸಂದರ್ಭದಿಂದ ತಿಳಿಯುತ್ತದೆ. ಹೆಚ್ಚು ಕಾಡುವುದು ‘ಹಸು ಕಂದು ಹಾಕಿತು’ ಎಂಬ ಮಾತು. ಅಲ್ಲಿ ಕಂದು ಎಂದರೆ ದಿನ ತುಂಬದೆ ಬಿದ್ದ ಕರು, ಹೋರಿಯ ಕೂಟದಿಂದಲೇ ಆದದ್ದು. ಹಾಗಾಗಿ ‘ಹಾಕು’ ಬಿಟ್ಟು ‘ಒಡೆ’ ಹಿಡಿದಿದ್ದೇನೆ.

ತಿಳಿದವರು ಹೇಳಬೇಕಾದ್ದು: ನಿಮ್ಮ ಊರಿನಲ್ಲಿ ಬಾಳೆ ಕಂದು ‘ಒಡೆಯುತ್ತದೆ’ಯೋ, ‘ಬಿಡುತ್ತದೆ’ಯೋ? ಕಂದು ಎನ್ನದೆ ಮರಿ ಎನ್ನುವ ಕಡೆ ಯಾವ ಕ್ರಿಯಾಪದ ಬಳಸುತ್ತಾರೆ? ಯೀಸ್ಟಿನಂಥ ಒಂದೇ ಕೋಶದ ಜೀವಿಗೂ ಕಂದು ಎನ್ನುವುದು ಕಿವಿಗೆ ಒಗ್ಗುತ್ತದೆಯೇ, ಅಲ್ಲಿ ‘ಕುಡಿಯೊಡೆಯುವಿಕೆ’ ಮೇಲೇ? ಮುಂದಿನ ಸೋಮವಾರ ಆ ಉತ್ತರಪತ್ರಿಕೆಯನ್ನು ಹುಡುಗಿಗೆ ಹಿಂತಿರುಗಿಸಬೇಕು. ಎಸಳುಗಳ ಪಕ್ಕದಲ್ಲಿ ಏನು ಬರೆಯಲಿ ಎಂದು ಕಾಯುತ್ತಿದ್ದೇನೆ.