ಬಾಸ್ ಮೀನು ಹಿಡಿಯೋ ಜಿಗ್‌ಗೆ ಯಾವ ದಾರ? ಅನುಭವ ಇರೋರು ಹೇಳಿ

ಹೊಸಗಾಳ: ಎಲ್ಲರಿಗೂ ನಮಸ್ಕಾರ. ಡಲ್ಲಾಸಿಗೆ ಬಂದು ಎರಡು ವರ್ಷ ಆಯ್ತು. ಮುಂದಿನ ತಿಂಗಳು ಬಾಸ್ ಹಿಡಿಯಲು ಮೊದಲ ಸಲ ಟೆಕ್ಸಸ್‌ನದೇ ಲೇಕ್ ಫೋರ್ಕ್ ಕೆರೆಗೆ ಹೊರಟಿದ್ದೇನೆ. ಅರ್ಧ ಔನ್ಸ್ ಜಿಗ್ (ಭಾರದ ತಲೆಯಿರೋ ಕೊಕ್ಕೆ), ಏಳಡಿ ಹೆವಿ ರಾಡು, ಬೇಟ್‌ಕಾಸ್ಟರ್ ರೀಲು (ಎಸೆದಾಗ ದಾರದ ಉರುಳೆಯೇ ತಿರುಗೋದು) ಇದೆ. ದಾರಕ್ಕೆ 30 ಡಾಲರ್ ಇಟ್ಟಿದ್ದೇನೆ. ಫ್ಲೋರೋಕಾರ್ಬನ್ (ಒಂಟಿ ಎಳೆಯ ಪ್ಲಾಸ್ಟಿಕ್ ದಾರ) ತಗೊಳ್ಳಲಾ, ಬ್ರೇಡ್ (ಹಲವು ಎಳೆ ಹೆಣೆದ ದಾರ) ತಗೊಳ್ಳಲಾ?

ಕೆರೆಏರಿ: ಫ್ಲೋರೋ ಹೆಸರು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೋದ ವರ್ಷ 34 ಡಾಲರ್ ಕೊಟ್ಟು 15 ಪೌಂಡ್ ಎಳೆತ ತಾಳುವ ದಾರ 200 ಗಜ ತಂದೆ. ಟ್ಯಾಕ್ಸ್ ಬೇರೆ. ಮೂರನೇ ಎಸೆತಕ್ಕೇ ದಾರ ಗೋಜಲಾಗಿ ರೀಲಿನಲ್ಲಿ ಗುಬ್ಬಿಗೂಡು. ಉಗುರಿನಲ್ಲಿ ಕೆದಕಿ ಕೆದಕಿ ಮುಕ್ಕಾಲು ಗಂಟೆ ಹೋಯಿತು, ಕೊನೆಗೆ ಕತ್ತರಿ ಹಾಕಿ ಸುಮಾರು 70 ಗಜ ಬಿಸಾಡಿದೆ. ಅಂದ್ರೆ 12 ಡಾಲರ್ ಕಸದ ಬುಟ್ಟಿಗೆ. ಉಳಿದಿದ್ದು ಸುರುಳಿ ಸುರುಳಿ, ನೆಟ್ಟಗೆ ನಿಲ್ಲಲೇ ಇಲ್ಲ. ಮಧ್ಯಾಹ್ನ ಒಣಮರದ ಬುಡದಲ್ಲಿ ಒಂದು ಭಾರಿ ಮೀನು ಕಚ್ಚಿತು. ಎಳೆದೆ. ಟಪ್! ಗಂಟಿನ ಹತ್ತಿರವೇ ಕಡಿದು ಜಿಗ್ಗೂ ಹೋಯಿತು. ಅವತ್ತೇ ಬ್ರೇಡ್‌ಗೆ ಬದಲಾಯಿಸಿದೆ. 50 ಪೌಂಡ್ ಬ್ರೇಡ್ 12 ಪೌಂಡ್ ನೈಲಾನಿನಷ್ಟೇ ದಪ್ಪ ಇರುತ್ತದೆ. ಮರ ಕಿತ್ತು ಬರಬೇಕು, ದಾರ ಕಡಿಯೋದಿಲ್ಲ.

ಅಟ್ಲಾಂಟಣ್ಣ: ಕೆರೆಏರಿಯವರೇ, ಬೇಜಾರು ಮಾಡ್ಕೋಬೇಡಿ, ಅದು ದಾರದ ತಪ್ಪಲ್ಲ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿದ್ರಾ? ಒಣಗಂಟು ಎಳೆದರೆ ಉಜ್ಜಿ ಬಿಸಿಯಾಗಿ ಫ್ಲೋರೋ ಅಲ್ಲೇ ಸುಟ್ಟ ಹಾಗಾಗುತ್ತದೆ. ನೋಡಿದರೆ ಸಣ್ಣಗೆ ಬಿಳಿ ಬಿಳಿ ಕಾಣುತ್ತದೆ.

ನನ್ನ ಕಥೆ ಉಲ್ಟಾ. ನಾನು ಅಟ್ಲಾಂಟಾ ಹತ್ತಿರದ ಲೇನಿಯರ್ ಕೆರೆಯಲ್ಲಿ ಹಿಡಿಯೋದು. ನೀರು ಕನ್ನಡಿ ಥರ, ಸ್ಪಾಟೆಡ್ ಬಾಸ್ 25 ಅಡಿ ಆಳದಲ್ಲಿ. ಯಾರದೋ ಮಾತು ಕೇಳಿ ಹಸಿರು ಬ್ರೇಡ್ ಸುತ್ತಿ ಎರಡು ಶನಿವಾರ ಹೋದೆ. ಪೆಟ್ರೋಲು, ದೋಣಿ ಬಾಡಿಗೆ, ತಿಂಡಿ ಸೇರಿ 190 ಡಾಲರ್. ಸಿಕ್ಕಿದ್ದು ಸೊನ್ನೆ. ಬ್ರೇಡ್ ನೀರಿನ ಮೇಲೆ ತೇಲುತ್ತದೆ. ಗಾಳಿ ಬಂದರೆ ಬಿಲ್ಲಿನ ಹಾಗೆ ಬಾಗುತ್ತದೆ, ಜಿಗ್ ತಳ ಮುಟ್ಟಿತೋ ಇಲ್ಲವೋ ಗೊತ್ತೇ ಆಗಲ್ಲ. ಫ್ಲೋರೋ ಮುಳುಗುತ್ತದೆ. ಬೆಳಕು ಬಾಗುವ ಲೆಕ್ಕ ನೋಡಿ, ನೀರಿಗೆ ಹತ್ತಿರ ಇದ್ದಷ್ಟೂ ದಾರ ಮೀನಿಗೆ ಕಾಣೋದು ಕಮ್ಮಿ: ನೀರಿಗೆ 1.33, ಫ್ಲೋರೋಗೆ 1.42, ನೈಲಾನಿಗೆ 1.5ರ ಮೇಲೆ. ಮೂರನೇ ಶನಿವಾರ 12 ಪೌಂಡ್ ಫ್ಲೋರೋದಲ್ಲಿ ಏಳು ಮೀನು.

ಕೆರೆಏರಿ: ಎಂಜಲು ಹಚ್ಚೋದು ನನಗೂ ಗೊತ್ತು ಸ್ವಾಮಿ. ನಿಮ್ಮ ಮೀನುಗಳು ಫಿಸಿಕ್ಸ್ ಓದಿರಬಹುದು. ಟೆಕ್ಸಸ್‌ನಲ್ಲಿ ಮರದ ಬುಡ, ಜೊಂಡು, ಕಲಕು ನೀರು. ಅಲ್ಲಿ 12 ಪೌಂಡ್ ಹಿಡ್ಕೊಂಡು ಬನ್ನಿ, ನಗ್ತೀನಿ.

ಕುಡ್ಲದ ಮಾಣಿ: ನಾನು ಅಮೆರಿಕ ಕಂಡವನಲ್ಲ, ಮಂಗಳೂರಿನ ಅಳಿವೆಯಲ್ಲಿ ಜಿಗ್ ಹಾಕುವವ. ಒಂದು ಮಾತು ಹೇಳುತ್ತೇನೆ ಮಾರಾಯ್ರೆ. ಬ್ರೇಡ್ ಎಳೆತಕ್ಕೆ ಗಟ್ಟಿ, ಕಲ್ಲಿಗೆ ಅಲ್ಲ. ಬಿಗಿ ಇದ್ದಾಗ ಕಲ್ಲಿನ ಅಂಚು ತಾಗಿದರೆ ಕ್ಷಣದಲ್ಲಿ ಹೋಯಿತು. ನನ್ನದು ‘ಮುರು’ ಜಾತಿಯ ಮೂರು ಮೀನು, ನಾಲ್ಕು ಜಿಗ್ ಹಾಗೇ ಹೋಗಿದೆ. ನಾಲ್ಕನೆಯದು ಮೀನಿಗಲ್ಲ, ಸಿಕ್ಕಿಬಿದ್ದದ್ದನ್ನು ಬಿಡಿಸಲಿಕ್ಕೆ ಹೋಗಿ. ದಾರ ಕೈಗೆ ಸುತ್ತಿ ಎಳೆದೆ. ತೋರುಬೆರಳಿನ ಗೆಣ್ಣಿನ ಹತ್ತಿರ ಎರಡು ಹೊಲಿಗೆ, ಚಳಿಗೆ ಈಗಲೂ ಜುಮ್ಮೆನ್ನುತ್ತದೆ. ಈಗ ಬ್ರೇಡಿನ ತುದಿಗೆ ಒಂದು ಮಾರು ಉದ್ದದ ಲೀಡರ್ (ಬೇರೆ ದಪ್ಪ ದಾರದ ತುಂಡು) ಕಟ್ಟದೆ ಇಳಿಯುವುದಿಲ್ಲ.

ಅಟ್ಲಾಂಟಣ್ಣ: ಸಮುದ್ರದ ಮೀನಿಗೂ ಬಾಸ್‌ಗೂ ಏನು ಸಂಬಂಧ?

ಕುಡ್ಲದ ಮಾಣಿ: ಕಲ್ಲಿಗೆ ಆ ಸಂಬಂಧ ಗೊತ್ತಿಲ್ಲ.

ಎರೆಹುಳ: ಲೀಡರ್ ಕಟ್ಟಿದರೆ ಆ ಗಂಟು ರಾಡಿನ ಉಂಗುರದಲ್ಲಿ ಟಕ ಟಕ ಅಂತ ಸಿಕ್ಕಿಕೊಳ್ಳುತ್ತೆ. ಬ್ರೇಡಿಗೆ ಲೀಡರ್ ಸೇರಿಸೋ ತೆಳು ಗಂಟು ಎಫ್‌ಜಿ ಅಂತ ಇದೆ, ಅದನ್ನು ಕಲಿಯಲು ನನಗೆ ಹದಿನೈದು ದಿನ ಬೇಕಾಯ್ತು. ಅಡುಗೆಮನೆ ಬೀರುವಿನ ಹಿಡಿಗೆ ದಾರ ಕಟ್ಟಿ ಅಭ್ಯಾಸ ಮಾಡ್ತಿದ್ದೆ, ಹಿಡಿಯೇ ಕಿತ್ತು ಬಂತು. ಮನೆಯವಳು ಇನ್ನೂ ಆಡಿಕೊಳ್ತಾಳೆ.

ಯಾರೂ ಹೇಳದ್ದು ಒಂದಿದೆ. ಬ್ರೇಡನ್ನು ರೀಲಿನ ಬರೀ ಸ್ಪೂಲಿಗೆ (ದಾರದ ಉರುಳೆಗೆ) ನೇರವಾಗಿ ಸುತ್ತಬೇಡಿ. ನಾನು ಸುತ್ತಿದ್ದೆ. ಮೀನು ಎಳೆದಾಗ ರೀಲಿನ ಹಿಡಿ ತಿರುಗುತ್ತೆ, ದಾರ ಬರಲ್ಲ. ಡ್ರ್ಯಾಗ್ (ರೀಲಿನ ಬ್ರೇಕು) ಕೆಟ್ಟಿದೆ ಅಂತ ರೀಲನ್ನು ರಿಪೇರಿಗೆ ಕಳಿಸಿದೆ. ಹೋಗಿ ಬರೋ ಪೋಸ್ಟೇಜ್ 18, ಕೂಲಿ 25, ಮೂರು ವಾರ ಕಾಯುವಿಕೆ. 'ಏನೂ ಆಗಿಲ್ಲ' ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಿದರು. ಇಡೀ ಬ್ರೇಡೇ ಸ್ಪೂಲಿನ ಮೇಲೆ ಜಾರಿ ಗಿರ್ರನೆ ತಿರುಗುತ್ತಿತ್ತು, ಅಷ್ಟೇ. ಕೆಳಗೆ ಹತ್ತು ಗಜ ಹಳೇ ನೈಲಾನ್ ಸುತ್ತಿದೆ, ಸರಿಹೋಯ್ತು. 43 ಡಾಲರ್ ಕೊಟ್ಟು ಕಲಿತ ಪಾಠ.

ಹಳೇರೀಲು: ಇಷ್ಟೆಲ್ಲ ಯಾಕ್ರಪ್ಪಾ? ಇಪ್ಪತ್ತೆರಡು ವರ್ಷದಿಂದ 20 ಪೌಂಡ್ ನೈಲಾನ್, ಅಂಗಡಿಯಲ್ಲಿ ಎಂಟೇ ಡಾಲರ್. ಫೋರ್ಕ್‌ನಲ್ಲಿ ಎಷ್ಟು ಹಿಡಿದಿದ್ದೀನಿ ಲೆಕ್ಕವಿಲ್ಲ. ಟೆಕ್ಸಸ್ ದಾಖಲೆಯ 18.18 ಪೌಂಡಿನ ಬಾಸ್ ಅದೇ ಕೆರೆಯಲ್ಲಿ 1992ರಲ್ಲಿ ಸಿಕ್ಕಿದ್ದು. ಆಗ ಬ್ರೇಡ್ ಬ್ರೇಡ್ ಅಂತ ಯಾರು ಕುಣೀತಿದ್ರು? ಹೋದ ವಾರವೂ ಒಂದು ತಂದು ಖಾರ ಹಚ್ಚಿ ರವೆ ಫ್ರೈ ಮಾಡಿದೆವು.

ಕೆರೆಏರಿ: ನೈಲಾನ್ ನೀರು ಕುಡಿದು ಸೊರಗುತ್ತೆ, ರಬ್ಬರ್ ಥರ ಹಿಗ್ಗುತ್ತೆ. ಅರ್ಧ ಔನ್ಸ್ ಜಿಗ್ಗಿನ ದಪ್ಪ ಕೊಕ್ಕೆ ಬಾಯಿಗೆ ಚುಚ್ಚೋದು ಹೇಗೆ?

ಅಟ್ಲಾಂಟಣ್ಣ: ಅದು ಬಿಡಿ, ತಿಂದ್ರಾ?? ಫೋರ್ಕ್‌ನ ಬಾಸ್ ತಿಂದ್ರಾ? ಎಲ್ಲರೂ ಹಿಡಿದು ಬಿಡೋ ಕೆರೆ ಅದು! 16 ಮತ್ತು 24 ಇಂಚಿನ ನಡುವಿನದನ್ನು ವಾಪಸ್ ಬಿಡಲೇಬೇಕು ಅಂತ ನಿಯಮವೇ ಇದೆ.

ಹಳೇರೀಲು: ನನ್ನದು ಹದಿನಾರಕ್ಕಿಂತ ಕಮ್ಮಿ ಇತ್ತಪ್ಪ. ಅದನ್ನು ಇಟ್ಕೋಬಹುದು. ಲೈಸೆನ್ಸಿಗೆ 30 ಡಾಲರ್ ಕಟ್ಟಿರೋದು ಮೀನಿಗೆ ಮುತ್ತು ಕೊಟ್ಟು ಕಳಿಸೋಕಾ?

ಹೊಸಗಾಳ: ಸರ್, ಬ್ರೇಡಿಗೆ ಲೀಡರ್ ಹಾಕಿದರೆ 30 ಡಾಲರ್ ಒಳಗೆ ಆಗುತ್ತಾ?

ಅಟ್ಲಾಂಟಣ್ಣ: ಹಳೇರೀಲು ಅವರೇ, ಬಾಯಿ ಮುಚ್ಚಿಸಿ, ಬಾಲದ ತುದಿ ಎರಡನ್ನೂ ಒತ್ತಿ ಸೇರಿಸಿ ಅಳೆದ್ರಾ? ಅಲ್ಲಿ ಹಾಗೇ ಅಳೀಬೇಕು. ಬಾಲ ಅಗಲ ಬಿಟ್ಟು ಅಳೆದರೆ ಹದಿನಾರು ದಾಟಿದ್ದೂ ಹದಿನೈದೂವರೆ ತೋರಿಸುತ್ತೆ.

ಹಳೇರೀಲು: ನನ್ನ ಕೂಲರ್ ಮುಚ್ಚಳದ ಮೇಲೆ ಗೆರೆ ಹಾಕಿದ್ದೀನಿ, ಅದರಲ್ಲೇ ಅಳೆದೆ.

ಎರೆಹುಳ: ಯಾವ ಸ್ಕೇಲ್ ಇಟ್ಟು ಗೆರೆ ಹಾಕಿದ್ರಿ?

ಹಳೇರೀಲು: ಮೊಮ್ಮಗನ ಸ್ಕೂಲಿನದು. ಮೊದಲ ಅರ್ಧ ಇಂಚು ಮುರಿದಿದೆ, ಅದನ್ನ ಕಳೆದೇ ಹಾಕಿದ್ದೀನಿ, ಚಿಂತೆ ಬೇಡ.