ಮದುವೆ ಹೆಣ್ಣಿನ ಹೂವಿನ ಕೆಲಸ ಶುರು ಮಾಡಬೇಕು, ಅನುಭವ ಇದ್ದವರು ಹೇಳಿ

ನಮಸ್ಕಾರ. ನಾನು ತುಮಕೂರಿನವಳು, ವಯಸ್ಸು 34. ಅಕ್ಕಪಕ್ಕದವರ ಸೀಮಂತಕ್ಕೆ ಮೊಗ್ಗಿನ ಜಡೆ ಹೊಲಿದುಕೊಟ್ಟು ಅಭ್ಯಾಸ ಇದೆ. ಈಗ ಮದುಮಗಳ ಜಡೆ, ಹಾರ, ಕೈಗೆ ತೋಳಿಗೆ ಹೂವು, ಇದನ್ನೇ ಕೆಲಸ ಮಾಡಿಕೊಳ್ಳೋಣ ಅಂತ ಆಸೆ. ಕೋರ್ಸ್ ಮಾಡಬೇಕಾ? ಹೂವು ಎಲ್ಲಿಂದ ತರುವುದು? ದುಡ್ಡು ಹೇಗೆ ಹೇಳುವುದು?

ಮೈಸೂರಿನಿಂದ:
ಕೋರ್ಸ್ ಆಮೇಲೆ ನೋಡಿ, ಮೊದಲು ಮೊಗ್ಗಿನ ಟೈಮ್ ಕಲಿಯಿರಿ. ಬೆಳಿಗ್ಗೆ ಕೊಯ್ದ ಮಲ್ಲಿಗೆ ಮೊಗ್ಗು ಕತ್ತಲಾಗುತ್ತಿದ್ದ ಹಾಗೆ ಬಾಯಿ ಬಿಡುತ್ತದೆ, ಮುಹೂರ್ತ ಇರುವುದು ಮರುದಿನ ಬೆಳಿಗ್ಗೆ. ನನ್ನ ಮೊದಲ ಆರ್ಡರ್‌ನಲ್ಲಿ ಸಂಜೆಗೇ ಜಡೆ ಮುಗಿಸಿ ಎಲ್ಲರೂ ನೋಡಲಿ ಅಂತ ಗೋಡೆಗೆ ನೇತು ಹಾಕಿದ್ದೆ. ಬೆಳಿಗ್ಗೆ ಎದ್ದರೆ ಮೊಗ್ಗೆಲ್ಲ ಅರಳಿ, ಅಂಚು ಕಂದಿ ಹೋಗಿತ್ತು. ಹುಡುಗಿಯ ಅಮ್ಮ ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಅರ್ಧ ದುಡ್ಡು ವಾಪಸ್ ಕೊಟ್ಟೆ.

ಈಗ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಅದರಲ್ಲಿ ಮೊಗ್ಗು ಸುತ್ತಿ, ಮೇಲೆ ಬಾಳೆ ಎಲೆ ಹಾಕಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡುತ್ತೇನೆ. ಫ್ರೀಜರ್‌ನಲ್ಲಿ ಬೇಡ, ಕಪ್ಪಾಗುತ್ತದೆ. ಹೊಲಿದ ಜಡೆಯೂ ಹಾಗೇ, ತಲೆ ಬಾಚಿ ಮುಗಿದ ಮೇಲೆಯೇ ಹೊರಗೆ ತೆಗೆಯುವುದು.

ಇನ್ನೊಂದು, ಹುಡುಗಿಯ ಕೂದಲನ್ನು ಮೊದಲೇ ಹೋಗಿ ನೋಡಿ. ಫೋಟೋದಲ್ಲಿ ತೋರಿಸಿದ ಜಡೆ ಸೊಂಟದ ತನಕ ಇರುತ್ತದೆ, ಇವಳ ಕೂದಲು ಭುಜಕ್ಕೆ ನಿಂತಿರುತ್ತದೆ. ಚೌರಿ ಕಟ್ಟಿ, ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಮೊಗ್ಗು ಅಂದರೆ ಭಾರ ಎಳೆದು ತಲೆನೋವು ಬರುತ್ತದೆ, ಮುಖದಲ್ಲಿ ನಗು ಇರುವುದಿಲ್ಲ. ಅಂಥವರಿಗೆ ನಾನು ರಟ್ಟನ್ನು ಕುತ್ತಿಗೆಯಿಂದ ಒಂದೂವರೆ ಗೇಣಿಗೆ ನಿಲ್ಲಿಸಿ, ಕೆಳಗೆ ಬರೀ ಕುಚ್ಚು ಬಿಡುತ್ತೇನೆ. ಹಸೆಮಣೆಯಲ್ಲಿ ಹೋಮದ ಕಡೆ ಯಾವ ಕೈ ಬರುತ್ತದೆ ಅಂತಲೂ ಕೇಳಿ. ಬಿಸಿಗೆ ಆ ಕೈಯ ಮಲ್ಲಿಗೆ ಬೇಗ ಬಾಡುತ್ತದೆ, ಕನಕಾಂಬರ ತಡೆಯುತ್ತದೆ. ವಾಸನೆ ಇಲ್ಲ ಅಂತ ಗೊಣಗುವವರಿಗೆ ಮಧ್ಯೆ ಒಂದೆರಡು ಎಸಳು ದವನ ಸೇರಿಸಿ.

ಉಡುಪಿಯಿಂದ:
ನಮ್ಮ ಶಂಕರಪುರ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನಾ ಬದಲಾಗುತ್ತದೆ ಮಾರಾಯ್ರೆ, ಮದುವೆ ಸೀಸನ್‌ನಲ್ಲಿ ಕೇಳುವುದೇ ಬೇಡ. ಮೂರು ತಿಂಗಳ ಮೊದಲೇ ಒಟ್ಟು ಇಷ್ಟು ಅಂತ ಹೇಳಿ ಕೈ ಸುಟ್ಟುಕೊಂಡವಳು ನಾನು. ಈಗ ಕೂಲಿ ಬೇರೆ, ಹೂವು ಆ ದಿನದ ದರಕ್ಕೆ ಅಂತ ಬರೆದೇ ಕೊಡುತ್ತೇನೆ.

ಬೆಂಗಳೂರಿನಿಂದ:
ಕೆ.ಆರ್. ಮಾರ್ಕೆಟ್‌ಗೆ ಬೆಳಕು ಹರಿಯುವ ಮೊದಲೇ ಹೋಗಬೇಕು. ಒಬ್ಬರ ಹತ್ತಿರವೇ ಖಾತೆ ಇಟ್ಟುಕೊಳ್ಳಿ. ಮಾಲು ಕಮ್ಮಿ ಇದ್ದ ದಿನ ಹಳೇ ಗಿರಾಕಿಗೇ ಒಳ್ಳೆ ಮೊಗ್ಗು ಸಿಗುವುದು. ಚಳಿಗಾಲದಲ್ಲಿ ಮಲ್ಲಿಗೆ ಕಮ್ಮಿ, ಆದರೆ ಮಾಘದ ಮದುವೆ ಜಾಸ್ತಿ. ಆಗ ಸುಗಂಧರಾಜದ ಮೊಗ್ಗಿನಲ್ಲಿ ಜಡೆ ಮಾಡಿ, ಆದರೆ ಹುಡುಗಿ ಮನೆಯವರಿಗೆ ಮೊದಲೇ ಹೇಳಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಲ್ಲ, ನಿಮಗೆ ಕೆಲಸವೂ ಇಲ್ಲ. ಆ ತಿಂಗಳುಗಳ ಖರ್ಚು ತೆಗೆದಿಟ್ಟುಕೊಳ್ಳಿ. ಅರ್ಧ ಅಡ್ವಾನ್ಸ್ ಇಲ್ಲದೆ ಸೂಜಿ ಮುಟ್ಟಬೇಡಿ. ಒಬ್ಬ ಡೆಕೊರೇಷನ್‌ನವರು ಮೂರು ಮದುವೆಯ ದುಡ್ಡು ಇನ್ನೂ ಕೊಟ್ಟಿಲ್ಲ ನನಗೆ.

ಧಾರವಾಡದಿಂದ:
ನಮ್ಮ ಕಡೆಯ ಮದುವೆ ಹಿಡಿದರೆ ಮದುಮಗಳ ತಲೆಗೆ ಕಟ್ಟುವ ಹೂವಿನ ದಂಡಿ ಮಾಡುವುದನ್ನೂ ಕಲಿಯಿರಿ ಅಕ್ಕ. ಹುಡುಗಿ ಹೂಂ ಅಂದರೆ ಸಾಲದು, ಮನೆಯ ಅಜ್ಜಿಯನ್ನು ಒಮ್ಮೆ ಕೇಳಿ. ಕಡೆಗೆ ಬೇಡ ಅನ್ನುವವರು ಅವರೇ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅರ್ಧ ಸೇರು ಮೊಗ್ಗು ತಂದು ಫ್ರಿಜ್‌ನಲ್ಲಿ ಇಟ್ಟು, ಎಷ್ಟು ಹೊತ್ತು ತಡೆಯುತ್ತದೆ ಅಂತ ಗಂಟೆಗೊಮ್ಮೆ ನೋಡುತ್ತೇನೆ.

ಮೈಸೂರಿನಿಂದ:
ನೋಡಿ. ಅವತ್ತು ದೋಸೆ ಹಿಟ್ಟು ಮಾತ್ರ ಬೇರೆ ಕಡೆ ಇಡಿ. ಹುಳಿ ವಾಸನೆ ಮೊಗ್ಗಿಗೆ ಹಿಡಿದರೆ ಹೋಗುವುದಿಲ್ಲ.